ಎರಡು ಸಲ ಬಾರದ ಅರವತ್ತು

ಮೊದಲು ಓದುಗರ ಕ್ಷಮೆ ಕೇಳಬೇಕು. ಗಂಡ ಸತ್ತು ಹದಿನಾರು ದಿನವೂ ತುಂಬದ ಒಬ್ಬ ಹೆಂಗಸಿನ ಮನೆಯಲ್ಲಿ ಕೂತು, ಅವರು ಯಾರಿಗೂ ಹೇಳದ ಮಾತನ್ನು ಹೇಳಿಸಿ, ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿನಗೇನು ಹಕ್ಕು ಎಂದು ಯಾರಾದರೂ ಕೇಳಬಹುದು. ನಾನು ಪೊಲೀಸನಲ್ಲ, ವಕೀಲನೂ ಅಲ್ಲ. ಚೆನ್ನೈಯ ನುಂಗಂಬಾಕ್ಕಂನ ಒಂದು ವಕೀಲರ ಕಚೇರಿಗೆ ಊರೂರು ಸುತ್ತಿ ವಿಚಾರಿಸಿಕೊಡುವ ಗುಮಾಸ್ತ. ಕಾನೂನು ಓದಿದ್ದು ಸಂಜೆ ಕಾಲೇಜಿನಲ್ಲಿ, ಅದೂ ಪೂರ್ತಿಯಾಗಲಿಲ್ಲ. ಆದರೂ ಬರೆಯದೆ ಬಿಟ್ಟರೆ, ಒಬ್ಬ ಯುವಕನ ಮೇಲೆ ಬಂದ ಆಪತ್ತಿನಲ್ಲಿ ನನ್ನ ಪಾಲು ಎಷ್ಟು ಎಂಬುದು ಮುಚ್ಚಿಹೋಗುತ್ತದೆ. ಅದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ.

“ಈ ಫೋಟೋ ನಿಮಗೆ ಎಲ್ಲಿ ಸಿಕ್ಕಿತು?”

ಕೋಡಂಬಾಕ್ಕಂನ ಆ ಮನೆಯ ಹಾಲಿನಲ್ಲಿ, ಬೆಳಿಗ್ಗೆ ಹತ್ತು ಗಂಟೆಗೆ, ರತ್ನಾವತಿಯವರು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಟೀಪಾಯಿಯ ಮೇಲಿದ್ದುದನ್ನು ಬಗ್ಗಿ ನೋಡಿದರು, ಅಷ್ಟೆ.

ಅವರ ಗಂಡ ಸದಾನಂದರ ಬೀರುವಿನಲ್ಲಿ, ಹಳೆಯ ಆಟಗಾರರ ಕಾರ್ಡುಗಳನ್ನು ಇಟ್ಟಿದ್ದ ಫೈಲಿನೊಳಗೆ ಸಿಕ್ಕಿತು, ಮಗಳು ಅಶ್ವಿತಾ ತೆಗೆದುಕೊಟ್ಟರು ಎಂದೆ. ಅಶ್ವಿತಾಳೇ ನನ್ನನ್ನು ಈ ಕೆಲಸಕ್ಕೆ ಹಚ್ಚಿದವಳು. ಕೊಡುವಾಗ ಅವಳು, “ಇದು ಯಾವ ಕೋವಿಲ್ ಅಂಕಲ್? ಎನಕ್ಕೇ ತೆರಿಯಾದು,” ಎಂದಿದ್ದಳು. ಯಾವ ದೇವಸ್ಥಾನವೆಂದು ತನಗೇ ಗೊತ್ತಿಲ್ಲವಂತೆ.

“ಅವಳಿಗೆ ಗೊತ್ತಿಲ್ಲ,” ಎಂದರು ರತ್ನಾವತಿ. “ಅವಳಿಗೆ ಗೊತ್ತಾಗ್ಬಾರ್ದು ಅಂತಲೇ ಇದ್ದದ್ದು.”

ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು: ಹೆಸರಾಂತ ಫುಟ್‌ಬಾಲ್ ಆಟಗಾರರಾಗಿದ್ದು ಆಮೇಲೆ ಉದ್ಯಮಿಯಾದ ಸದಾನಂದರು ಪಲ್ಲಾವರಂನ ತಮ್ಮ ಮೈದಾನದ ಗ್ಯಾಲರಿಯ ಬುಡದಲ್ಲಿ ಸತ್ತು ಬಿದ್ದಿದ್ದರು, ಅದು ಜಾರಿ ಬಿದ್ದ ಸಾವಲ್ಲ ಎಂದು ಮೊದಲು ಹೇಳಿದವನು ನಾನೇ.

ಹೇಳಿದ್ದು ಅವರ ಮೊಣಕಾಲಿನ ಆಧಾರದ ಮೇಲೆ.

ಸ್ಟಾಪರ್ ಬ್ಯಾಕ್ ಎಂದರೆ ಗೋಲ್‌ಕೀಪರನ ಮುಂದೆ ನಿಲ್ಲುವ ಕೊನೆಯ ಗೋಡೆ. ಸದಾನಂದರು ಆ ಜಾಗದಲ್ಲಿ ಚೆನ್ನೈಯ ಒಂದು ಬ್ಯಾಂಕಿನ ತಂಡಕ್ಕೂ, ಆಮೇಲೆ ಏಳು ವರ್ಷ ಕೋಲ್ಕತ್ತದಲ್ಲೂ ಆಡಿದವರು. ಅಲ್ಲಿಂದ ಎರಡೂ ಮೊಣಕಾಲು ಸವೆಸಿಕೊಂಡು ಬಂದರು. ಹತ್ತುವುದು ಕಷ್ಟವಿರಲಿಲ್ಲ, ಇಳಿಯುವುದೇ ನೋವು. ಹಾಗಾಗಿ ಮೆಟ್ಟಿಲನ್ನು ಯಾವಾಗಲೂ ಏಣಿ ಇಳಿಯುವ ಹಾಗೆ ಹಿಮ್ಮುಖವಾಗಿ, ಮೇಲಿನ ಮೆಟ್ಟಿಲುಗಳ ಕಡೆ ಮುಖ ಮಾಡಿ, ಎರಡು ಕೈಯಲ್ಲೂ ಕಂಬಿ ಹಿಡಿದು ಇಳಿಯುತ್ತಿದ್ದರು. ಹಾಗೆ ಇಳಿಯುವಾಗ ಕಾಲು ಜಾರಿದರೆ ಗದ್ದ ಒಡೆಯುತ್ತದೆ, ಅಂಗೈ ಮತ್ತು ಮೊಣಕಾಲು ತರಚುತ್ತದೆ. ಅವರ ಗದ್ದ, ಅಂಗೈ, ಮೊಣಕಾಲುಗಳಲ್ಲಿ ಒಂದು ಗೀರೂ ಇರಲಿಲ್ಲ. ಒಡೆದಿದ್ದು ತಲೆಯ ಹಿಂಭಾಗ.

ಅಂದರೆ ಅವರು ಇಳಿಯುತ್ತಿರಲಿಲ್ಲ. ಮೇಲೆ ನಿಂತು ಯಾರೊಂದಿಗೋ ಮಾತಾಡುತ್ತಿದ್ದರು.

ಇದನ್ನು ನಾನು ಇನ್‌ಸ್ಪೆಕ್ಟರ್ ಇಳಂಗೋವನ್ ಅವರಿಗೆ ಹೇಳಿದೆ. ಅವರು ಮರು ಪರೀಕ್ಷೆ ಮಾಡಿಸಿದರು. ಎಡತೋಳಿನ ಮೇಲೆ ನಾಲ್ಕು ಬೆರಳಿನ ಗುರುತು ಸಿಕ್ಕಿತು. ಅಪಘಾತವೆಂದು ಮುಚ್ಚಬೇಕಿದ್ದ ಕಾಗದ ಕೊಲೆಯ ಕಾಗದವಾಯಿತು. ಆಗ ಅವರು ಕೇಳಿದ ಮೊದಲ ಪ್ರಶ್ನೆ, ಆ ಬೆಳಿಗ್ಗೆ ಮೈದಾನದ ಗೇಟು ತೆರೆದವನು ಯಾರು ಎಂದು.

ತೆರೆದವನು ಮನೀಶ.

ಈ ಮನೀಶನ ವಿಷಯ ಸ್ವಲ್ಪ ಹೇಳಬೇಕು. ಸದಾನಂದರ ಹಾಗೆ ಅವನ ತಂದೆಯೂ ನಮ್ಮ ಕರಾವಳಿಯವರೇ, ಇಲ್ಲಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಸಪ್ಲೈಯರ್. ಹುಡುಗ ಚೆನ್ನಾಗಿ ಆಡುತ್ತಿದ್ದ. ಸದಾನಂದರು ಪಲ್ಲಾವರಂನ ಚರ್ಮದ ಶೆಡ್ಡಿನಲ್ಲಿ ಫುಟ್‌ಬಾಲ್ ಶೂ ಹೊಲಿಸಲು ಶುರುಮಾಡಿ, ಒಂಬತ್ತು ಕೃತಕ ಹುಲ್ಲಿನ ಮೈದಾನಗಳವರೆಗೆ ಬೆಳೆದು, ಕೊನೆಗೆ ಮಕ್ಕಳ ತರಬೇತಿ ಕೇಂದ್ರ ತೆರೆದಾಗ ಸೇರಿಸಿಕೊಂಡ ಮೊದಲ ತಂಡದಲ್ಲೇ ಅವನಿದ್ದ. ಆ ಕೇಂದ್ರದ ಗೇಟಿನಲ್ಲಿ ಒಂದು ಬೋರ್ಡು ಇದೆ: ವಯಸ್ಸು ಸುಳ್ಳು ಹೇಳಿದವರಿಗೆ ಇಲ್ಲಿ ಜಾಗವಿಲ್ಲ. ಈ ಆಟದಲ್ಲಿ ಹದಿನೇಳರ ಹುಡುಗರು ಹದಿನೈದರ ಸರ್ಟಿಫಿಕೇಟು ತರುವುದು ಹೊಸದಲ್ಲ. ಸದಾನಂದರು ಎಲ್ಲರ ಮಣಿಕಟ್ಟಿನ ಸ್ಕ್ಯಾನ್ ಮಾಡಿಸುತ್ತಿದ್ದರು. ಮೂಳೆ ಸುಳ್ಳು ಹೇಳುವುದಿಲ್ಲ. ಮನೀಶನ ಮೂಳೆ ಹದಿನೇಳು ಎಂದಿತು. ಎಲ್ಲರೆದುರು ಅವನ ಜರ್ಸಿ ಬಿಚ್ಚಿಸಿ ಕಳಿಸಿದರು. ಎರಡು ವರ್ಷದ ಮೇಲೆ ಅವರೇ ಕರೆದು ಮೈದಾನ ನೋಡಿಕೊಳ್ಳುವ ಕೆಲಸ ಕೊಟ್ಟರು.

ಸತ್ತ ಸದಾನಂದರ ಪ್ಯಾಂಟಿನ ಜೇಬಿನಲ್ಲಿ ಒಂದು ಚೀಟಿ ಇತ್ತು. ಕನ್ನಡದಲ್ಲಿ, ಬಾಲ್‌ಪೆನ್ನಿನಲ್ಲಿ, ಶಾಲೆಯ ಮಕ್ಕಳ ಹಾಗೆ ಗುಂಡಗೆ ಬರೆದದ್ದು.

“ಒಬ್ಬ ಮನುಷ್ಯನಿಗೆ ಅರವತ್ತು ಎರಡು ಸಲ ಬರುವುದಿಲ್ಲ. ಜೂನ್ ಹನ್ನೆರಡರ ಮೊದಲು ನೀನೇ ಹೇಳು.”

ಜೂನ್ ಹನ್ನೆರಡಕ್ಕೆ ಸದಾನಂದರಿಗೆ ಅರವತ್ತು. ಕಂಪನಿಯವರು ಸಭಾಂಗಣ ಗೊತ್ತುಮಾಡಿ ಆಮಂತ್ರಣ ಹಂಚಿಯಾಗಿತ್ತು.

ಇಳಂಗೋವನ್ ಅವರ ತರ್ಕ ನೇರವಾಗಿತ್ತು. ಚೀಟಿ ವಯಸ್ಸಿನ ಬಗ್ಗೆ ಮಾತಾಡುತ್ತದೆ. ವಯಸ್ಸಿನಿಂದ ಬದುಕು ಕೆಟ್ಟವನು ಮನೀಶ. ಗೇಟಿನ ಬೀಗದ ಕೈ ಅವನದು. ನಾನು ಅವನಿಗೆ ಕನ್ನಡ ಬರೆಯಲು ಬಾರದು, ಓದಿದ್ದೆಲ್ಲ ತಮಿಳು ಶಾಲೆಯಲ್ಲಿ ಎಂದೆ. ಬರೆದುಕೊಡುವವರಿಗೆ ಕೋಡಂಬಾಕ್ಕಂನಲ್ಲಿ ಬರವೇ ಎಂದು ಅವರು ಕೇಳಿದರು. ಆದರೆ ಒಂದು ಕೊಂಡಿ ಮಾತ್ರ ಅವರಿಗೆ ಸಿಕ್ಕಿರಲಿಲ್ಲ. ಸದಾನಂದರ ವಯಸ್ಸಿನಲ್ಲಿ ಏನೋ ಗುಟ್ಟಿದ್ದರೆ, ಅದು ಮನೀಶನಿಗೆ ಗೊತ್ತಿತ್ತೇ? ಗೊತ್ತಿತ್ತು ಎಂದಾದರೆ ಹಿಡಿಯುತ್ತೇನೆ, ಇಲ್ಲದಿದ್ದರೆ ಬಿಡುತ್ತೇನೆ ಎಂದಿದ್ದರು.

ಮನೀಶ ತನಗೇನೂ ಗೊತ್ತಿಲ್ಲ ಎಂದು ಬರೆದುಕೊಟ್ಟಿದ್ದ. ಹಿಂದಿನ ದಿನ ಮೈದಾನದಲ್ಲಿ ಪೈಪಿನಿಂದ ನೀರು ಹಾಯಿಸುತ್ತಲೇ ನನ್ನೊಂದಿಗೆ ಮಾತಾಡಿದ್ದ. ಊರು ಬಿಟ್ಟು ಹೋಗಬೇಡ ಎಂದು ನಾನು ಹೇಳಿದಾಗ ನಕ್ಕಿದ್ದ.

“ನಾನ್ ಎಂಗೇಯುಂ ಓಡಮಾಟ್ಟೇನ್ ಸಾರ್. ಎಲ್ಲಿಗೂ ಓಡುದಿಲ್ಲ. ನನ್ನ ಓಟ ಎಲ್ಲ ಹದಿನೇಳಕ್ಕೇ ಮುಗೀತು.”

ಆ ನಗು ನನ್ನನ್ನು ಇಡೀ ದಿನ ಕಾಡಿತು. ಅವನನ್ನು ಈ ಗುಂಡಿಗೆ ಇಳಿಸಿದವನು ನಾನು, ಎತ್ತುವವನೂ ನಾನೇ ಆಗಬೇಕು ಅನಿಸಿತು. ಆ ಸಂಜೆಯೇ ಅಶ್ವಿತಾ ಈ ಫೋಟೋ ಕೊಟ್ಟಳು.

ಫೋಟೋದಲ್ಲಿ ಗಂಡಹೆಂಡತಿ ಹಾರ ಹಾಕಿಕೊಂಡು ಪಕ್ಕಪಕ್ಕ ಕೂತಿದ್ದಾರೆ. ಇಬ್ಬರೂ ತೊಯ್ದು ತೊಪ್ಪೆ. ತಲೆಯ ಮೇಲೆ ಜರಡಿ, ಜರಡಿಯೊಳಗೆ ಕಲಶದ ನೀರು ಸುರಿಯುತ್ತಿದೆ. ನೀರು ಹೊಯ್ಯುತ್ತಿರುವವನು ಕ್ಯಾಮೆರಾಕ್ಕೆ ಬೆನ್ನು ಕೊಟ್ಟಿದ್ದಾನೆ, ದೇವಸ್ಥಾನದ ಪರಿಚಾರಕ ಇರಬೇಕು. ಪಕ್ಕದಲ್ಲಿ ಪುರೋಹಿತರು.

ನೋಡಿದೊಡನೆ ಗೊತ್ತಾಗುತ್ತದೆ, ಇದು ಷಷ್ಟಿಪೂರ್ತಿ. ಅರವತ್ತು ತುಂಬಿದಾಗ ಮಾಡಿಸುವ ಶಾಂತಿ. ಚೆನ್ನೈಯಲ್ಲಿರುವ ನಮ್ಮವರೂ ಅದಕ್ಕೆ ತಿರುಕ್ಕಡೈಯೂರಿನ ದೇವಸ್ಥಾನಕ್ಕೆ ಹೋಗುವುದುಂಟು, ಇದೂ ಅಲ್ಲಿಯದೇ ಇರಬೇಕು.

ಪುರೋಹಿತರ ಗದ್ದದ ಕೆಳಗೆ ಒಂದು ನೀಲಿ ಮಾಸ್ಕ್ ಜೋತುಬಿದ್ದಿತ್ತು.

ಅದನ್ನು ಕಂಡು ಲೆಕ್ಕ ಹಾಕಿದೆ. ಮಾಸ್ಕಿನ ಕಾಲ ಮುಗಿದು ಮೂರು ನಾಲ್ಕು ವರ್ಷವಾಯಿತು. ಕಾಗದದ ಪ್ರಕಾರ ಈ ಜೂನಿನಲ್ಲಿ ಅರವತ್ತಾಗಬೇಕಿದ್ದ ಮನುಷ್ಯ ಆ ಕಾಲದಲ್ಲೇ ಷಷ್ಟಿಪೂರ್ತಿಗೆ ಕೂತಿದ್ದಾನೆ. ಅಂದರೆ ವಯಸ್ಸಿನ ಗುಟ್ಟು ನಿಜ. ಗುಟ್ಟು ಗೊತ್ತಿದ್ದವರು ಬೇರೆ ಇದ್ದರು, ಅಲ್ಲಿ ಮನೀಶ ಇರಲಿಲ್ಲ. ನಾನು ಹಾಗೆ ತಿಳಿದೆ. ಬೆಳಿಗ್ಗೆ ಆಟೋದಲ್ಲಿ ಕೂತೇ, ಒಂಬತ್ತೂಕಾಲಿಗೆ, ಫೋಟೋವನ್ನು ಇಳಂಗೋವನ್ ಅವರಿಗೆ ವಾಟ್ಸಾಪಿನಲ್ಲಿ ಕಳಿಸಿ, ನನ್ನ ತಿಳಿವಳಿಕೆಯನ್ನೂ ನಾಲ್ಕು ಸಾಲಿನಲ್ಲಿ ಬರೆದು, ಆಮೇಲೆ ಈ ಮನೆಯ ಬಾಗಿಲು ತಟ್ಟಿದೆ.

ಒಂದು ಗಂಟೆ ತಡೆದಿದ್ದರೆ ಎಂದು ಈಗ ಅನಿಸುತ್ತದೆ.

“ಅಮ್ಮ, ಸದಾನಂದರು ಹುಟ್ಟಿದ್ದು ಯಾವಾಗ?” ಎಂದು ಕೇಳಿದೆ.

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು.

“ಕಾಗದದಲ್ಲಿ ಅರವತ್ತೈದನೇ ಇಸವಿ. ನಿಜಕ್ಕೂ ಅರವತ್ತೊಂದು.”

ಆಮೇಲೆ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕುಂದಾಪುರದ ಕಡೆಯಿಂದ ಇಬ್ಬರು ಅಣ್ಣತಮ್ಮಂದಿರು ಸೋದರಮಾವನ ಹೋಟೆಲಿಗೆ ಬಂದಿದ್ದರು. ದೊಡ್ಡವನು ವಾಮನ, ಚಿಕ್ಕವನು ಸದಾನಂದ. ಲೋಟ ತೊಳೆದು ಉಳಿದ ಹೊತ್ತಿನಲ್ಲಿ ವಾಮನ ಆಡುತ್ತಿದ್ದ. ಹತ್ತೊಂಬತ್ತಾದಾಗ ಒಬ್ಬ ಕೋಚ್ ಕಣ್ಣಿಗೆ ಬಿದ್ದ. ಹದಿನಾರರೊಳಗಿನವರ ರಾಜ್ಯ ತಂಡಕ್ಕೆ ಒಬ್ಬ ಸ್ಟಾಪರ್ ಬೇಕಾಗಿತ್ತು. ಮೀಸೆ ಬೋಳಿಸಿಕೊಂಡು ಬಾ, ಹದಿನೈದರದ್ದು ಒಂದು ಸರ್ಟಿಫಿಕೇಟು ತಾ ಎಂದ. ತಮ್ಮನ ಶಾಲೆಯ ಸರ್ಟಿಫಿಕೇಟು ಟ್ರಂಕಿನಲ್ಲಿತ್ತು.

ಅಂದಿನಿಂದ ವಾಮನ ಸದಾನಂದನಾದ. ಆ ಹೆಸರಿನಲ್ಲೇ ಬ್ಯಾಂಕಿನ ಕೆಲಸ, ಕೋಲ್ಕತ್ತ, ಮದುವೆ, ಕಂಪನಿ ಎಲ್ಲ.

ತಮ್ಮ ಏನಾದ ಎಂದು ಕೇಳಿದೆ.

“ಅದೇ ವರ್ಷ ಕಾಮಾಲೆ ಆಗಿ ತೀರಿಕೊಂಡ,” ಎಂದರು. ನನ್ನ ಮುಖ ನೋಡದೆ ಹೇಳಿದರು.

ಅಷ್ಟು ಜೋಪಾನ ಮಾಡಿದ ಸುಳ್ಳು, ಮತ್ತೆ ಯಾಕೆ ನಿಜವಾದ ಲೆಕ್ಕಕ್ಕೆ ಷಷ್ಟಿಪೂರ್ತಿ ಮಾಡಿಸಿದಿರಿ ಎಂದೆ. ಒಂದು ಫೋಟೋ ಸಾಕಾಗಿತ್ತಲ್ಲ ಎಲ್ಲ ಕೆಡಲು.

ರತ್ನಾವತಿಯವರು ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದರು.

“ಫುಟ್‌ಬಾಲಿನವರಿಗೆ ಎಂತ ಬೇಕಾದ್ರೂ ಬರೆದು ಕೊಡ್ಬಹುದು ಮಾರಾಯ್ರೆ. ಶಾಂತಿಗೆ ಕೂತಾಗ ಹುಟ್ಟಿದ ನಕ್ಷತ್ರ ಹೇಳ್ಬೇಕು, ಹೆಸರು ಹೇಳ್ಬೇಕು. ಅಲ್ಲಿ ತಮ್ಮನ ಹೆಸರು, ತಮ್ಮನ ನಕ್ಷತ್ರ ಹೇಳಿದ್ರೆ ಆಯುಷ್ಯ ಯಾರಿಗೆ ಹೋಗ್ತದೆ?” ಹಾಗೇ ಮುಂದುವರಿಸಿದರು: “ಪುರೋಹಿತರು ಕೇಳಿದಾಗ ಇವರು ವಾಮನ ಅಂದ್ರು. ಮದುವೆ ಆಗಿ ಅಷ್ಟು ವರ್ಷಕ್ಕೆ ಆ ಹೆಸರು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದ್ಲು.”

ಅದಕ್ಕೇ ಈ ಜೂನಿನ ಸಮಾರಂಭಕ್ಕೆ ರತ್ನಾವತಿಯವರು ಒಪ್ಪಿರಲಿಲ್ಲ. ಕಂಪನಿಯವರಿಗೆ ಶಾಲು, ಭಾಷಣ ಸಾಕಾಗಲಿಲ್ಲ, ವೇದಿಕೆಯ ಮೇಲೆ ಷಷ್ಟಿಪೂರ್ತಿಯೂ ಬೇಕಿತ್ತು. ಮದುವೆಯಲ್ಲಿ ಒಂದು, ಅರವತ್ತಕ್ಕೆ ಒಂದು, ಎರಡು ತಾಳಿ ಕಟ್ಟಿಸಿಕೊಂಡಾಗಿದೆ, ಮೂರನೆಯದಕ್ಕೆ ಕುತ್ತಿಗೆ ಕೊಡಲಾರೆ ಎಂದಿದ್ದರಂತೆ. ಆ ಜಗಳ ಗಂಡ ಸಾಯುವ ಹಿಂದಿನ ದಿನದವರೆಗೂ ನಡೆದಿತ್ತು.

ನಾನು ಬರೆದುಕೊಳ್ಳುತ್ತಿದ್ದೆ. ಸತ್ಯ ಹೇಳುತ್ತೇನೆ, ಒಳಗೊಳಗೆ ಸಮಾಧಾನವೂ ಆಗುತ್ತಿತ್ತು. ಮನೀಶ ಬಚಾವಾದ ಅನಿಸುತ್ತಿತ್ತು.

“ಮಕ್ಕಳೇ ನಿಂತು ಮಾಡಿಸಬೇಕಾದ ಕಾರ್ಯ ಅಲ್ವಾ ಅಮ್ಮ?” ಎಂದೆ. “ಅಶ್ವಿತಾ ಇರಲಿಲ್ಲ. ಮತ್ತೆ ನೀರು ಹೊಯ್ದವರು ದೇವಸ್ಥಾನದವರಾ?”

“ದೇವಸ್ಥಾನದವರು ಯಾಕೆ ಹೊಯ್ತಾರೆ? ಮಗನ ಜಾಗದಲ್ಲಿ ಮನೀಶ ನಿಂತದ್ದು.”

ನನ್ನ ಪೆನ್ನು ನಿಂತಿತು.

“ಇವರಿಗೆ ಅವನ ವಿಷಯ ಒಂದು ಮುಳ್ಳು,” ಎಂದು ಅವರು ಮುಂದುವರಿಸಿದರು. ನನ್ನ ಮುಖ ಅವರು ಗಮನಿಸಿರಲಿಲ್ಲ. “ತಾನು ಮಾಡಿದ್ದನ್ನೇ ಅವನು ಮಾಡಿದ. ತನಗೆ ಊರೆಲ್ಲ ಹಾರ ಹಾಕಿತು, ಅವನ ಅಂಗಿ ತಾನೇ ಬಿಚ್ಚಿಸಿದೆ ಅಂತ. ಅಲ್ಲಿ ಎಲ್ಲ ಹೇಳಿದ್ರು ಅವನಿಗೆ. ಷಷ್ಟಿಪೂರ್ತಿಯಲ್ಲಿ ಚಿಕ್ಕವರು ದೊಡ್ಡವರ ಕಾಲಿಗೆ ಬೀಳೋದು. ಇವರು ಹಾರ ಹಾಕ್ಕೊಂಡು, ಆ ಮೊಣಕಾಲು ಮಡಚಿ, ಆ ಹುಡುಗನ ಕಾಲಿಗೆ ಬಿದ್ರು. ಯಾರಿಗೂ ಹೇಳುದಿಲ್ಲ ಅಂತ ಅವನು ಮಾತು ಕೊಟ್ಟ. ಪೊಲೀಸರಿಗೂ ಹೇಳ್ಲಿಲ್ಲ ನೋಡಿ.”

ಪೊಲೀಸರಿಗೂ ಹೇಳಲಿಲ್ಲ. ಗೊತ್ತಿಲ್ಲ ಎಂದು ಬರೆದು ಸಹಿ ಮಾಡಿದ್ದಾನೆ. ಆ ಸಹಿ ಸುಳ್ಳು ಎಂದು ತೋರಿಸುವ ಏಕೈಕ ವಸ್ತುವನ್ನು ನಾನು ಒಂಬತ್ತೂಕಾಲಿಗೆ ಕಳಿಸಿಯಾಗಿದೆ.

ಫೋನ್ ಬಂತು. ಇಳಂಗೋವನ್ ಅವರೇ. ಒಳ್ಳೆಯ ಕೆಲಸ ಮಾಡಿದ್ದೀರಿ ಎಂದು ಹೊಗಳಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. ಬೆನ್ನು ತೋರಿಸಿ ನಿಂತಿರುವವನು ಯಾರು?

ರತ್ನಾವತಿಯವರಿಗೆ ಆ ತಮಿಳು ಸ್ಪಷ್ಟವಾಗಿ ಕೇಳಿಸಿತು. ಬೇಡ ಎಂಬಂತೆ ಕೈ ಆಡಿಸಿದರು.

ದೇವಸ್ಥಾನದ ಆಳು ಎಂದರೆ ಮುಗಿಯುತ್ತಿತ್ತು. ಆದರೆ ತಿರುಕ್ಕಡೈಯೂರಿಗೆ ಒಬ್ಬ ಪೇದೆಯನ್ನು ಕಳಿಸಿದರೆ ಸಂಜೆಯೊಳಗೆ ನಿಜ ಹೊರಬರುತ್ತದೆ, ಆಗ ಮನೀಶನ ಪರವಾಗಿ ನಾನು ಹೇಳುವ ಯಾವ ಮಾತಿಗೂ ಬೆಲೆಯಿರುವುದಿಲ್ಲ. ಹೀಗೆಲ್ಲ ಯೋಚಿಸಿದೆ ಎಂದು ಹೇಳಿಕೊಳ್ಳಬಹುದು. ನಿಜವೆಂದರೆ, ಸುಳ್ಳು ಹೇಳುವ ಧೈರ್ಯ ನನಗೆ ಬರಲಿಲ್ಲ.

“ಮನೀಶ,” ಎಂದೆ.

ಅವರು ಥ್ಯಾಂಕ್ಸ್ ಹೇಳಿ ಇಟ್ಟರು.

“ಹೇಳಿಬಿಟ್ಟಿರಿ,” ಎಂದರು ರತ್ನಾವತಿ.

“ಸುಳ್ಳು ಹೇಳಲಾರೆ ಅಮ್ಮ.”

“ಹೌದು, ನೀವು ಸುಳ್ಳು ಹೇಳುವವರಲ್ಲ. ಆ ಬೋರ್ಡು ಹಾಕಿದ ಮೇಲೆ ಇವರೂ ಹಾಗೇ ಹೇಳ್ತಾ ಇದ್ರು.”

ಅವರು ಎದ್ದು ಒಳಗೆ ಹೋದರು. ಮಾತು ಮುಗಿಯಿತು, ಹೊರಡಬೇಕು ಎಂದು ನಾನು ಚೀಲ ಎತ್ತಿಕೊಳ್ಳುವಷ್ಟರಲ್ಲಿ ವಾಪಸ್ ಬಂದರು. ಮುಖ ತೊಳೆದುಕೊಂಡಿದ್ದರು. ಕೂರಲಿಲ್ಲ.

“ಅವನನ್ನು ಕೊಂಡುಹೋಗ್ತಾರಾ?”

ಇವತ್ತೇ ಹಿಡಿಯಬಹುದು ಎಂದೆ.

“ಹಾಗಾದ್ರೆ ಇದನ್ನೂ ಬರ್ಕೊಳ್ಳಿ. ಬೆನ್ನು ಯಾರದ್ದು ಅಂತ ನೀವೂ ಕೇಳಿದ್ರಿ, ಪೊಲೀಸರೂ ಕೇಳಿದ್ರು. ಆ ಫೋಟೋ ತೆಗೆದದ್ದು ಯಾರು ಅಂತ ಯಾರೂ ಕೇಳ್ಲಿಲ್ಲ.”

“ಯಾರಮ್ಮ?”

“ಸದಾನಂದ.”

ದುಃಖದಲ್ಲಿ ಅವರಿಗೆ ಮಾತು ತಪ್ಪಿತು ಎಂದುಕೊಂಡೆ. ಸದಾನಂದರು ಇಲ್ಲಿ ಕೂತಿದ್ದಾರಲ್ಲ ಎಂದು ಫೋಟೋ ಮುಟ್ಟಿ ತೋರಿಸಿದೆ.

“ಅದು ನನ್ನ ಗಂಡ. ವಾಮನ. ನಾನು ಹೇಳಿದ್ದು ತಮ್ಮನ ವಿಷಯ. ಅವನಿಗೆ ಕಾಮಾಲೆ ಆಗ್ಲಿಲ್ಲ, ಎಂತದೂ ಆಗ್ಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಸದಾನಂದ ಇರ್ಲಿಕ್ಕೆ ಆಗುದಿಲ್ಲ ಅಂತ ಮಾವ ಅವನನ್ನು ವಿಜಯವಾಡಕ್ಕೆ ಕಳಿಸಿದ್ರು, ಒಂದು ಹೋಟೆಲಿನ ಅಡುಗೆಮನೆಗೆ. ಹತ್ತನೇ ಪರೀಕ್ಷೆಗೆ ಕೂರ್ಲಿಕ್ಕೆ ಅವನ ಹತ್ರ ಸರ್ಟಿಫಿಕೇಟೇ ಇರ್ಲಿಲ್ಲ. ನಲವತ್ತೈದು ವರ್ಷ ಅಣ್ಣನ ಹೆಸರಲ್ಲಿ ದೋಸೆ ಹೊಯ್ದ. ಸತ್ತ ಅಂತ ನಾವು ಎಲ್ಲರಿಗೂ ಹೇಳ್ತಾ ಬಂದದ್ದು.”

ಷಷ್ಟಿಪೂರ್ತಿಗೆ ಅವನನ್ನು ಕರೆಸಿದವರು ರತ್ನಾವತಿಯವರೇ. ಬಂದ, ನಾಲ್ಕು ಫೋಟೋ ತೆಗೆದ, ಊಟ ಮಾಡಿ ಬಸ್ಸು ಹತ್ತಿದ. ಏನೂ ಕೇಳಲಿಲ್ಲ. ಈ ವರ್ಷ ಯಾರದ್ದೋ ಫೋನಿನಲ್ಲಿ ಜೂನಿನ ಆಮಂತ್ರಣ ನೋಡಿದನಂತೆ. ಅವರ ಗಂಡ ಸಾಯುವುದಕ್ಕೆ ಮೂರು ದಿನ ಮೊದಲು ಇದೇ ಬಾಗಿಲಿಗೆ ಬಂದಿದ್ದ.

“ಜಗಳ ಮಾಡ್ಲಿಲ್ಲ. ಅಲ್ಲೇ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದ. ಜೂನ್ ಹನ್ನೆರಡು ನಾನು ಹುಟ್ಟಿದ ದಿನ ಅತ್ತಿಗೆ. ಅಣ್ಣನ ಅರವತ್ತಿಗೆ ನಾನು ಬಂದೆ. ನನ್ನ ಅರವತ್ತನ್ನೂ ಅವನೇ ತಕ್ಕೊಳ್ಳುದು ಬೇಡ.”

ಜೇಬಿನ ಚೀಟಿಯ ಗುಂಡಗಿನ ಅಕ್ಷರಗಳು ಹತ್ತನೇ ತರಗತಿಯಲ್ಲಿ ಶಾಲೆ ಬಿಟ್ಟ ಒಬ್ಬನ ಅಕ್ಷರಗಳಾಗಿರಬಹುದು.

ಅವನು ಈಗ ಎಲ್ಲಿ ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಫೋಟೋ ಇದೆಯೇ? ಇಲ್ಲ. ಅವನೇ ತೆಗೆದದ್ದಲ್ಲವೇ, ಅವನದು ಹೇಗೆ ಇರುತ್ತದೆ ಎಂದರು. ಅವನನ್ನು ಕಂಡವರು ಬೇರೆ ಯಾರಿದ್ದಾರೆ? ಮಾವ ತೀರಿಕೊಂಡು ಎಷ್ಟೋ ವರ್ಷ. ಗಂಡನೂ ಹೋದರು. ಪುರೋಹಿತರಿಗೆ ಅವನು ಫೋಟೋ ತೆಗೆದವನು, ಅಷ್ಟೆ. ಉಳಿದವರು ತಾನು ಮತ್ತು ಮನೀಶ.

ಕೂಡಲೇ ಇಳಂಗೋವನ್ ಅವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಆ ಹೆಸರಿನ ಮನುಷ್ಯ ಸತ್ತಿದ್ದಾನೆ, ಮರಣಪತ್ರ ನಮ್ಮ ಮೇಜಿನ ಮೇಲಿದೆ ಎಂದರು. ವಾಮನ ಎಂಬ ಹೆಸರಿನಲ್ಲಿ ಬದುಕಿದ ಮನುಷ್ಯನಿಗೆ ಮುಖವಿಲ್ಲ, ವಿಳಾಸವಿಲ್ಲ. ಆ ತಾಯಿ ಆ ಹುಡುಗನನ್ನು ಮಗನ ಹಾಗೆ ನೋಡಿಕೊಂಡಿದ್ದಾರೆ ಎಂದು ನೀವೇ ಹೇಳುತ್ತೀರಿ. ಮಗನಿಗಾಗಿ ತಾಯಂದಿರು ಇದಕ್ಕಿಂತ ದೊಡ್ಡ ಕಥೆ ಹೇಳಿದ್ದನ್ನು ನಾನು ಕೇಳಿದ್ದೇನೆ ಎಂದರು.

ಹನ್ನೊಂದೂವರೆಗೆ ಮನೀಶನನ್ನು ಮೈದಾನದಿಂದ ಕರೆದೊಯ್ದರು. ಅಲ್ಲಿದ್ದವರು ಹೇಳಿದಂತೆ, ಅವನು ಓಡಲಿಲ್ಲ. ಪೈಪು ಬಂದ್ ಮಾಡಿ ಬರುತ್ತೇನೆ ಎಂದು ಕೇಳಿಕೊಂಡನಂತೆ.

ನನಗೆ ಗೊತ್ತಿರುವುದು ಇಷ್ಟು. ವಿಜಯವಾಡದಲ್ಲಿ ವಾಮನನೆಂಬ ದೋಸೆಯವನು ಇದ್ದಾನೋ ಇಲ್ಲವೋ, ಇದ್ದರೆ ಆ ಬೆಳಿಗ್ಗೆ ಗ್ಯಾಲರಿಯ ಮೇಲೆ ಅವನೇ ನಿಂತಿದ್ದನೋ ಇಲ್ಲವೋ ನನಗೆ ತಿಳಿಯದು. ಮನೀಶ ಮುಚ್ಚಿಟ್ಟದ್ದು ಆ ಒಂದು ಮಾತನ್ನು ಮಾತ್ರವೇ, ಇನ್ನೂ ಏನಾದರೂ ಇದೆಯೇ, ಅದೂ ತಿಳಿಯದು. ರತ್ನಾವತಿಯವರು ಆ ದಿನ ನನಗೆ ಎರಡು ಕಥೆ ಹೇಳಿದರು. ಒಂದರಲ್ಲಿ ತಮ್ಮ ಸತ್ತಿದ್ದಾನೆ, ಇನ್ನೊಂದರಲ್ಲಿ ಬದುಕಿದ್ದಾನೆ. ಯಾವುದು ನಿಜ ಎಂದು ನನಗೆ ಗೊತ್ತಿಲ್ಲ.